ಫ್ರ್ಯಾಕ್ಷನಲ್ ಕೆಲಸಕ್ಕೆ ಕ್ಲೈಂಟ್ ಬೇಕಾ? ಪರಿಚಯದವರಿಗೆ ಇಮೇಲ್ ಬರೆಯುವುದು ಹೀಗೆ

ಕೆಲವು ಕಂಪನಿಗಳು ಒಂಥರಾ ನಡುವಯಸ್ಸಿನಲ್ಲಿ ಸಿಕ್ಕಿಕೊಂಡಿರುತ್ತವೆ. ಅಕೌಂಟೆಂಟ್ ಒಬ್ಬರೇ ಎಲ್ಲ ನಿಭಾಯಿಸುವ ಕಾಲ ಮುಗಿದಿರುತ್ತದೆ. ಹಾಗಂತ ಫುಲ್‌ಟೈಮ್ ಸಿಎಫ್‌ಒ (ಹಣಕಾಸಿನ ಮುಖ್ಯಸ್ಥರನ್ನು) ಇಟ್ಟುಕೊಳ್ಳುವಷ್ಟು ಕೆಲಸವೂ ಇರುವುದಿಲ್ಲ, ಅಷ್ಟು ಸಂಬಳ ಕೊಡುವ ಶಕ್ತಿಯೂ ಇರುವುದಿಲ್ಲ. ಅಂಥ ಕಡೆ ವಾರಕ್ಕೆ ಒಂದೋ ಎರಡೋ ದಿನ ಬಂದು, ಆ ಹುದ್ದೆಯ ಹೊಣೆ ಹೊತ್ತು ಕೆಲಸ ಮಾಡುವವರೇ ಫ್ರ್ಯಾಕ್ಷನಲ್ ಎಕ್ಸಿಕ್ಯೂಟಿವ್. ಸಿಎಫ್‌ಒ ಮಾತ್ರ ಅಂತಲ್ಲ, ಮಾರ್ಕೆಟಿಂಗ್, ಟೆಕ್ನಾಲಜಿ, ಆಪರೇಷನ್ಸ್, ಎಚ್‌ಆರ್ ಎಲ್ಲದರಲ್ಲೂ ಇಂಥವರಿದ್ದಾರೆ. ಸಲಹೆ ಕೊಟ್ಟು, ರಿಪೋರ್ಟ್ ಒಪ್ಪಿಸಿ ಹೊರಡುವ ಕನ್ಸಲ್ಟೆಂಟ್ ಬೇರೆ. ಖಾಲಿಯಾದ ಕುರ್ಚಿಯಲ್ಲಿ ಕೆಲವು ತಿಂಗಳು ಫುಲ್‌ಟೈಮ್ ಕೂರುವ ಇಂಟೆರಿಮ್ ಎಕ್ಸಿಕ್ಯೂಟಿವ್ ಬೇರೆ. ಫ್ರ್ಯಾಕ್ಷನಲ್ ಆದವರು ಒಂದೇ ಹೊತ್ತಿಗೆ ಎರಡು ಮೂರು ಕಂಪನಿಗಳ ಜೊತೆ ಇರುತ್ತಾರೆ. ಹೆಚ್ಚಾಗಿ ತಿಂಗಳಿಗಿಷ್ಟು ಅಂತ ರಿಟೇನರ್ ಪಡೆಯುತ್ತಾರೆ, ತೀರ್ಮಾನ ತೆಗೆದುಕೊಳ್ಳುತ್ತಾರೆ, ಅದಕ್ಕೆ ಉತ್ತರವನ್ನೂ ಕೊಡುತ್ತಾರೆ.

ಇಂಥ ಕೆಲಸಕ್ಕೆ ಜಾಹೀರಾತು ಬರುವುದು ಕಡಿಮೆ. ಕಂಪನಿ ಮಾಲೀಕರು ತಮಗೆ ನಂಬಿಕೆ ಇರುವ ಯಾರನ್ನೋ ಕೇಳುತ್ತಾರೆ: "ನಮ್ಮ ಫೈನಾನ್ಸ್ ನೋಡಿಕೊಳ್ಳೋಕೆ ಯಾರಾದ್ರೂ ಒಳ್ಳೆಯವರು ಗೊತ್ತಾ?" ಆ ಕ್ಷಣದಲ್ಲಿ ನಿಮ್ಮ ಹೆಸರು ಅವರ ಬಾಯಿಗೆ ಬರಬೇಕು. ನೀವು ಬರೆಯುವ ಇಮೇಲ್‌ನ ಕೆಲಸ ಇಷ್ಟೇ. ಅದನ್ನು ಓದುವವರಲ್ಲಿ ಹೆಚ್ಚಿನವರು ಯಾವತ್ತೂ ನಿಮ್ಮ ಕ್ಲೈಂಟ್ ಆಗುವುದಿಲ್ಲ. ಅವರಿಗೆ ಕ್ಲೈಂಟ್ ಗೊತ್ತಿರುತ್ತಾರೆ. ಆದ್ದರಿಂದ ಓದಿದವರು ಇನ್ನೊಬ್ಬರಿಗೆ ಸುಲಭವಾಗಿ ಹೇಳುವಂತೆ ಬರೆಯಬೇಕು. ಮುಂದಿನ ಹೆಜ್ಜೆಗಳೆಲ್ಲ ಇದೊಂದೇ ಲೆಕ್ಕಾಚಾರದ ಮೇಲೆ ನಿಂತಿವೆ.

ಹೆಜ್ಜೆ 1: ಮೊದಲು ಒಂದು ಸಾಲು ಕಟ್ಟಿಕೊಳ್ಳಿ

ಇಮೇಲ್ ತೆರೆಯುವ ಮುಂಚೆ ಒಂದು ಸಾಲು ಕೈಯಲ್ಲಿರಬೇಕು. ಯಾರಿಗೆ, ಯಾವ ಹೊತ್ತಿನಲ್ಲಿ, ಏನಾಗಿ ಉಪಯೋಗಕ್ಕೆ ಬರುತ್ತೀರಿ ಅನ್ನುವ ಸಾಲು. "20 ವರ್ಷಗಳ ಅನುಭವ ಇರುವ ಫೈನಾನ್ಸ್ ಲೀಡರ್" ಅಂತ ಬರೆದರೆ ಓದಿದವರು "ಓಹ್, ಒಳ್ಳೇದು" ಅಂದುಕೊಂಡು ಮುಂದೆ ಹೋಗುತ್ತಾರೆ. "ಮಾರಾಟ ಏರುತ್ತಿದ್ದರೂ ಕೈಯಲ್ಲಿ ದುಡ್ಡು ನಿಲ್ಲದ ತಯಾರಿಕಾ ಕಂಪನಿಗಳಿಗೆ ವಾರಕ್ಕೆ ಎರಡು ದಿನ ಸಿಎಫ್‌ಒ ಆಗಿರುತ್ತೇನೆ" ಅಂತ ಬರೆದರೆ ಅವರ ಕಣ್ಣ ಮುಂದೆ ಒಬ್ಬ ಮಾಲೀಕ ಬಂದು ನಿಲ್ಲುವ ಸಾಧ್ಯತೆ ಇದೆ.

ಮೂರರಲ್ಲಿ "ಯಾವ ಹೊತ್ತಿನಲ್ಲಿ" ಅನ್ನುವುದೇ ಮುಖ್ಯ. ಜನ ಬೇರೆಯವರ ಹುದ್ದೆಯ ಹೆಸರು ನೆನಪಿಟ್ಟುಕೊಳ್ಳುವುದಿಲ್ಲ. ಕಿವಿಗೆ ಬಿದ್ದ ಗೋಳು ಮಾತ್ರ ನೆನಪಿರುತ್ತದೆ. ನಿಮ್ಮ ಕ್ಷೇತ್ರದ ಗೋಳು ಯಾವುದು ಅಂತ ಹುಡುಕಿ. ಫೈನಾನ್ಸ್‌ನಲ್ಲಾದರೆ ಮೊದಲ ದೊಡ್ಡ ಹೂಡಿಕೆ ಎತ್ತಲು ಹೊರಟಾಗ, ಬ್ಯಾಂಕ್ ಪ್ರತಿ ತಿಂಗಳು ರಿಪೋರ್ಟ್ ಕೇಳಲು ಶುರು ಮಾಡಿದಾಗ, ಆಡಿಟ್ ಎಳೆದಾಡುತ್ತಿರುವಾಗ. ಟೆಕ್ನಾಲಜಿಯಲ್ಲಾದರೆ ಹೊರಗಿನ ತಂಡ ಬರೆದ ಕೋಡ್ ಒಳಗೆ ಯಾರಿಗೂ ಅರ್ಥವಾಗದೆ ಇರುವಾಗ, ಅಥವಾ ದೊಡ್ಡ ಗ್ರಾಹಕರೊಬ್ಬರು ಉದ್ದನೆಯ ಸೆಕ್ಯುರಿಟಿ ಪ್ರಶ್ನಾವಳಿ ಕಳಿಸಿ ಉತ್ತರ ಕೇಳಿದಾಗ. ಮಾರ್ಕೆಟಿಂಗ್‌ನಲ್ಲಿ, ಜಾಹೀರಾತಿನ ಖರ್ಚು ಏರುತ್ತಿದೆ, ವಿಚಾರಿಸುವವರ ಸಂಖ್ಯೆ ಏರುತ್ತಿಲ್ಲ ಅನ್ನುವಾಗ. ಆಪರೇಷನ್ಸ್‌ನಲ್ಲಿ, ಎರಡನೇ ಘಟಕ ತೆರೆದ ಮೇಲೂ ಪ್ರತಿ ಕಾಗದಕ್ಕೂ ಮಾಲೀಕರದ್ದೇ ಸಹಿ ಬೇಕು ಅನ್ನುವಾಗ.

"ಇಷ್ಟು ಕಿರಿದು ಮಾಡಿದರೆ ಬೇರೆ ಕೆಲಸ ಕೈತಪ್ಪುತ್ತಲ್ವಾ?" ಅಂತ ಬಹಳ ಜನ ಹೆದರುತ್ತಾರೆ. ತಪ್ಪುವುದಿಲ್ಲ. ಒಂದು ಸಮಸ್ಯೆಗೆ ನಿಮ್ಮ ಹೆಸರು ನೆನಪಾದರೆ ಮಾತುಕತೆ ಶುರುವಾಗುತ್ತದೆ. ಶುರುವಾದ ಮೇಲೆ ಉಳಿದದ್ದು ತಾನಾಗಿಯೇ ಬರುತ್ತದೆ. ಸಾಲು ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಉಪಾಯ ಇದೆ. ನಿಮ್ಮ ಕ್ಷೇತ್ರದ ಗಂಧಗಾಳಿ ಇಲ್ಲದ ಒಬ್ಬರಿಗೆ ಅದನ್ನು ಒಮ್ಮೆ ಹೇಳಿ. ಮರುದಿನ "ನಾನು ಏನು ಕೆಲಸ ಮಾಡ್ತೀನಿ ಅಂತ ಹೇಳಿ ನೋಡೋಣ" ಅಂತ ಕೇಳಿ. ತಡವರಿಸಿದರೆ ಸಾಲು ಇನ್ನೂ ಹಸಿ ಅಂತ ಅರ್ಥ.

ಹೆಜ್ಜೆ 2: ಯಾರಿಗೆ ಬರೆಯುವುದು?

ಹೊಸದಾಗಿ ಶುರು ಮಾಡಿದವರು ಸಾಮಾನ್ಯವಾಗಿ ಎರಡು ತುದಿಗೆ ಹೋಗುತ್ತಾರೆ. ಒಂದೋ ಆಪ್ತ ಗೆಳೆಯರಿಗೆ, ಇಲ್ಲವೇ ಮುಖಪರಿಚಯವೂ ಇಲ್ಲದ ಕಂಪನಿ ಮುಖ್ಯಸ್ಥರಿಗೆ ಬರೆಯುತ್ತಾರೆ. ನಡುವಿನವರನ್ನು ಬಿಟ್ಟುಬಿಡುತ್ತಾರೆ. ಕೆಲಸ ಇರುವುದು ಆ ನಡುವಿನವರ ಹತ್ತಿರ.

ಇದನ್ನು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಅವರು ವಿಚಾರಿಸಿದರು: ಆ ಪರಿಚಯದವರನ್ನು ನೀವು ಎಷ್ಟು ಸಲ ಭೇಟಿ ಆಗುತ್ತಿದ್ದಿರಿ? ಪದೇ ಪದೇ ಭೇಟಿ ಆಗುತ್ತಿದ್ದೆವು ಅಂದವರು ಸುಮಾರು 17%. ಆಗೊಮ್ಮೆ ಈಗೊಮ್ಮೆ ಅಂದವರು ಸುಮಾರು 56%. ಅಪರೂಪಕ್ಕೆ ಅಂದವರು ಸುಮಾರು 28%. ಹತ್ತಿರದ ಗೆಳೆಯರಿಗೆ ಗೊತ್ತಿರುವ ಸುದ್ದಿ ಬಹುಪಾಲು ನಮಗೂ ಗೊತ್ತಿರುತ್ತದೆ. ದೂರದವರು ಬೇರೆ ವಲಯದಲ್ಲಿ ಓಡಾಡುತ್ತಾರೆ, ಅಲ್ಲಿನ ಸುದ್ದಿ ತರುತ್ತಾರೆ. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮಾಹಿತಿ ಇಟ್ಟುಕೊಂಡು ನಡೆದ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಅದರಲ್ಲಿ ಒಂದು ತಿದ್ದುಪಡಿ ಇತ್ತು. ತೀರಾ ದೂರದವರಿಗಿಂತ ಒಂದು ಮಟ್ಟಿಗೆ ದೂರದವರೇ ಹೆಚ್ಚು ಪ್ರಯೋಜನಕ್ಕೆ ಬಂದಿದ್ದರು. ಎರಡೂ ಅಧ್ಯಯನ ನೌಕರಿಯ ಬಗ್ಗೆ, ಕ್ಲೈಂಟ್ ಬಗ್ಗೆ ಅಲ್ಲ. ಆದರೂ ಫ್ರ್ಯಾಕ್ಷನಲ್ ಕೆಲಸ ಅರ್ಧ ನೌಕರಿ ಇದ್ದಂತೆಯೇ ಅಲ್ವಾ?

ಹಾಗಾಗಿ ಒಂದು ಸ್ಪ್ರೆಡ್‌ಶೀಟ್ ತೆರೆದು ನೆನಪು ಕೆದಕಿ. ಹಳೆಯ ಬಾಸ್‌ಗಳು. ಬೇರೆ ಬೇರೆ ಕಂಪನಿಗೆ ಚದುರಿಹೋದ ಸಹೋದ್ಯೋಗಿಗಳು. ನಿಮ್ಮ ಕೈಯಲ್ಲಿ ಬಿಲ್ ಪಾಸ್ ಮಾಡಿಸಿಕೊಂಡ ವೆಂಡರ್‌ಗಳು. ಆಡಿಟರ್, ವಕೀಲರು, ಬ್ಯಾಂಕಿನವರು, ಹೂಡಿಕೆದಾರರು. ರಿಕ್ರೂಟರ್‌ಗಳನ್ನು ಮರೆಯಬೇಡಿ. "ನಮಗೆ ಫುಲ್‌ಟೈಮ್ ಸಿಎಂಒ (ಮಾರ್ಕೆಟಿಂಗ್ ಮುಖ್ಯಸ್ಥರು) ಬೇಕು" ಅಂತ ಬಂದು, ಸಂಬಳದ ಅಂದಾಜು ಕೇಳಿ ವಾಪಸ್ ಹೋದ ಕಂಪನಿಗಳು ಅವರಿಗೆ ಗೊತ್ತಿರುತ್ತವೆ. ಎಲ್ಲಕ್ಕಿಂತ ಜಾಸ್ತಿ ಜನ ಮರೆಯುವುದು ಬೇರೆ ಫ್ರ್ಯಾಕ್ಷನಲ್‌ಗಳನ್ನು. ಮಾರ್ಕೆಟಿಂಗ್ ನೋಡಿಕೊಳ್ಳುವ ಫ್ರ್ಯಾಕ್ಷನಲ್ ಒಬ್ಬರು ಒಂದು ಕಂಪನಿಯ ಒಳಗೇ ಕೂತಿರುತ್ತಾರೆ. ಅಲ್ಲಿ ಫೈನಾನ್ಸ್ ಎಷ್ಟು ಅಡ್ಡಾದಿಡ್ಡಿಯಾಗಿದೆ ಅಂತ ದಿನವೂ ನೋಡುತ್ತಿರುತ್ತಾರೆ. ಅವರ ಮಾತನ್ನು ಮಾಲೀಕರು ನಂಬುತ್ತಾರೆ. ನೀವು ಅವರಿಗೆ ಪೈಪೋಟಿಯೂ ಅಲ್ಲ.

ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ ಬರೆದುಕೊಳ್ಳಿ: ಹೇಗೆ ಪರಿಚಯ, ಕೊನೆಯ ಸಲ ಮಾತಾಡಿದ್ದು ಯಾವಾಗ, ಇವರ ಕಿವಿಗೆ ಎಂಥ ಕಂಪನಿಗಳ ಸುದ್ದಿ ಬೀಳುತ್ತದೆ, ಇವರ ಜೊತೆ ಹಂಚಿಕೊಂಡ ಒಂದು ನೆನಪು. ಕೊನೆಯ ಎರಡು ಕಾಲಂ ತುಂಬದ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಒಂದು ಎಚ್ಚರಿಕೆ. ಹಳೆಯ ಕಂಪನಿಯ ಗ್ರಾಹಕರ ಪಟ್ಟಿ ಎತ್ತಿಕೊಂಡು ಬಂದು ಬರೆಯಬೇಡಿ. ಬಿಡುವಾಗ ಸಹಿ ಮಾಡಿದ ಒಪ್ಪಂದದಲ್ಲಿ ಗ್ರಾಹಕರನ್ನಾಗಲೀ ನೌಕರರನ್ನಾಗಲೀ ಇಂತಿಷ್ಟು ಕಾಲ ಸಂಪರ್ಕಿಸಬಾರದು ಅನ್ನುವ ಷರತ್ತು ಇದೆಯೇ ಅಂತ ಓದಿಕೊಳ್ಳಿ. ಅನುಮಾನ ಇದ್ದರೆ ವಕೀಲರನ್ನು ಕೇಳಿ.

ಹೆಜ್ಜೆ 3: ಬರೆಯುವುದು

ಮೊದಲು, ಹೆಚ್ಚಿನವರು ಕಳಿಸುವ ಇಮೇಲ್ ಹೇಗಿರುತ್ತದೆ ನೋಡೋಣ.

*ವಿಷಯ: ಹೇಗಿದ್ದೀರಿ?*

*ನಮಸ್ಕಾರ ಸರ್, ಕ್ಷೇಮವೆಂದು ಭಾವಿಸುತ್ತೇನೆ. ನಾನು ಇತ್ತೀಚೆಗೆ ಫ್ರ್ಯಾಕ್ಷನಲ್ ಸಿಎಫ್‌ಒ ಆಗಿ ಸ್ವಂತ ಸೇವೆ ಆರಂಭಿಸಿದ್ದೇನೆ. ಬಜೆಟಿಂಗ್, ಫಂಡ್ ರೈಸಿಂಗ್, ಆಟೊಮೇಷನ್, ಟೀಮ್ ಕಟ್ಟುವುದು ಹೀಗೆ ಎಲ್ಲದರಲ್ಲೂ ಸಹಾಯ ಮಾಡಬಲ್ಲೆ. ನಿಮಗೆ ಗೊತ್ತಿರುವ ಯಾರಿಗಾದರೂ ಬೇಕಿದ್ದರೆ ದಯವಿಟ್ಟು ತಿಳಿಸಿ. ಪ್ರೊಫೈಲ್ ಲಗತ್ತಿಸಿದ್ದೇನೆ. ಬಿಡುವಾದಾಗ ಮಾತಾಡೋಣ.*

ಇದರಲ್ಲಿ ತಪ್ಪು ಅನ್ನುವಂಥದ್ದು ಏನೂ ಇಲ್ಲ. ಆದರೆ ಹಿಡಿ ಇಲ್ಲದ ಪಾತ್ರೆಯ ಹಾಗೆ, ಎತ್ತಿ ಇನ್ನೊಬ್ಬರ ಕೈಗೆ ಕೊಡಲು ಆಗುವುದಿಲ್ಲ. "ಯಾರಿಗಾದರೂ" ಅಂದಾಗ ಯಾರ ಮುಖವೂ ನೆನಪಿಗೆ ಬರುವುದಿಲ್ಲ. "ಎಲ್ಲದರಲ್ಲೂ" ಅಂದಾಗ ಯಾವುದೂ ನಿಲ್ಲುವುದಿಲ್ಲ. "ಬಿಡುವಾದಾಗ" ಅನ್ನುವ ದಿನ ಯಾರ ಕ್ಯಾಲೆಂಡರಿನಲ್ಲೂ ಇಲ್ಲ. ಓದಿದವರು "ಆಲ್ ದಿ ಬೆಸ್ಟ್" ಅಂತ ಉತ್ತರ ಕಳಿಸಿ ಮರೆಯುತ್ತಾರೆ. ಇದೇ ವ್ಯಕ್ತಿಗೆ ಹೀಗೆ ಬರೆದರೆ? (ಇಆರ್‌ಪಿ ಅಂದರೆ ಕಂಪನಿಯ ಲೆಕ್ಕ, ಸ್ಟಾಕ್ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್.)

*ವಿಷಯ: ಇಆರ್‌ಪಿ ದಿನಗಳ ಜೊತೆಗಾರನದೊಂದು ಪ್ರಶ್ನೆ*

*ನಮಸ್ಕಾರ ಸರ್,*

*ಇಆರ್‌ಪಿ ಬದಲಾಯಿಸಿದ ವರ್ಷ ಗೋಡೌನಿನಲ್ಲಿ ಕೂತು ಸ್ಟಾಕ್ ಲೆಕ್ಕ ಹೊಂದಿಸಿದ್ದು ನಿಮಗೂ ನೆನಪಿರಬೇಕು. ಈಗ ಹೊಸ ಘಟಕ ನಿಮ್ಮ ಕೈಗೆ ಬಂದಿದೆ ಅಂತ ತಿಳಿದು ಖುಷಿಯಾಯಿತು.*

*ನಾನು ನೌಕರಿ ಬಿಟ್ಟು ಸ್ವಂತವಾಗಿ ಕೆಲಸ ಶುರು ಮಾಡಿದ್ದೇನೆ. ಮಧ್ಯಮ ಗಾತ್ರದ ತಯಾರಿಕಾ ಕಂಪನಿಗಳಿಗೆ ವಾರಕ್ಕೆ ಎರಡು ದಿನ ಸಿಎಫ್‌ಒ ಆಗಿರುತ್ತೇನೆ. "ಆರ್ಡರ್ ಬೇಕಾದಷ್ಟಿದೆ, ಆದರೆ ತಿಂಗಳ ಕೊನೆಗೆ ಸಂಬಳಕ್ಕೆ ಪರದಾಟ" ಅನ್ನುವ ಮಾಲೀಕರಿಗೆ ನನ್ನ ಕೆಲಸ ಹೆಚ್ಚು ಉಪಯೋಗ. ಹಿಂದಿನ ಕಂಪನಿಯಲ್ಲಿ ತಿಂಗಳ ಲೆಕ್ಕ ಮುಗಿಸಲು 20 ದಿನ ಹಿಡಿಯುತ್ತಿತ್ತು, ನಾವು ಅದನ್ನು 6 ದಿನಕ್ಕೆ ಇಳಿಸಿದೆವು.*

*ನಿಮ್ಮ ಸಪ್ಲೈಯರ್‌ಗಳಲ್ಲಿ ಯಾರಾದರೂ ಇಂಥ ಮಾತು ಆಡಿದ್ದು ಕಿವಿಗೆ ಬಿದ್ದಿದೆಯೇ? ಒಂದು ಹೆಸರು ಹೊಳೆದರೆ ಹೇಳಿ, ಅವರಿಗೆ ಕಳಿಸಲು ಅನುಕೂಲವಾಗುವಂತೆ ನಾಲ್ಕು ಸಾಲು ಬರೆದುಕೊಡುತ್ತೇನೆ. ಹೊಳೆಯದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ಹೊಸ ಘಟಕ ಹೇಗೆ ನಡೆಯುತ್ತಿದೆ ಅಂತ ಒಂದು ಸಾಲು ಬರೆದರೂ ಸಂತೋಷ.*

ಇದನ್ನು ಬಿಡಿಸಿ ನೋಡೋಣ.

ಸಬ್ಜೆಕ್ಟ್ ಲೈನ್ ಚಿಕ್ಕದು. ಫೋನಿನಲ್ಲಿ ಉದ್ದನೆಯ ಸಬ್ಜೆಕ್ಟ್ ಅರ್ಧಕ್ಕೇ ಕತ್ತರಿಸಿಹೋಗುತ್ತದೆ, ಹಾಗಾಗಿ ಮುಖ್ಯವಾದ ಪದ ಮೊದಲು ಬರಲಿ. ನಿಮಗಿಬ್ಬರಿಗೆ ಮಾತ್ರ ಅರ್ಥವಾಗುವ ಪದ ಒಂದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಮಾರಾಟದ ಇಮೇಲ್ ಅಲ್ಲ ಅಂತ ಆ ಒಂದು ಪದವೇ ಹೇಳಿಬಿಡುತ್ತದೆ. ಸುಮ್ಮಸುಮ್ಮನೆ "ತುರ್ತು" ಅಂತಲೋ, ಹಳೆಯ ಮಾತುಕತೆಯ ಉತ್ತರ ಅನ್ನಿಸುವಂತೆ "ರೀ:" ಅಂತಲೋ ಸೇರಿಸುವುದು ಚಿಲ್ಲರೆ ಬುದ್ಧಿ. ಒಮ್ಮೆ ಗೊತ್ತಾದರೆ ಮರ್ಯಾದೆ ಹೋಗುತ್ತದೆ.

ಮೊದಲ ಸಾಲಿನ ನೆನಪು ಅವರೊಬ್ಬರಿಗೇ ಬರೆಯಬಹುದಾದದ್ದು. ಅದೇ ಸಾಲನ್ನು ಇನ್ನೊಬ್ಬರಿಗೆ ಕಳಿಸಿದರೂ ನಡೆಯುತ್ತದೆ ಅಂತಾದರೆ ಅದನ್ನು ಅಳಿಸಿ. ಎಷ್ಟೋ ವರ್ಷದಿಂದ ಮಾತಿಲ್ಲ ಅನ್ನುವ ಮುಜುಗರ ಇದ್ದರೆ "ಬಹಳ ದಿನ ಆಯ್ತು" ಅಂತ ಒಂದು ಮಾತು ಹೇಳಿ ಮುಂದೆ ಹೋಗಿ. ಉದ್ದುದ್ದ ಕ್ಷಮೆ ಕೇಳಿದರೆ, ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವರ ತಲೆಗೆ ಬರುತ್ತದೆ. ಹಳೆಯ ನಂಟು ನಾವು ಅಂದುಕೊಂಡಷ್ಟು ತುಕ್ಕು ಹಿಡಿದಿರುವುದಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಪರಿಚಯದವರನ್ನು ಮತ್ತೆ ಸಂಪರ್ಕಿಸಿ ಸಲಹೆ ಕೇಳುವಂತೆ ಮ್ಯಾನೇಜರ್‌ಗಳಿಗೆ ಹೇಳಿ ಮಾಡಿದ ಸಂಶೋಧನೆಯೊಂದು 2011ರಲ್ಲಿ ಪ್ರಕಟವಾಯಿತು. ಅಂಥವರಿಂದ ಸಿಕ್ಕ ಸಲಹೆಯಲ್ಲಿ ಹೊಸತನ ಜಾಸ್ತಿ ಇತ್ತು ಅಂತ ಅದರಲ್ಲಿ ಕಂಡುಬಂತು. ಇಷ್ಟು ವರ್ಷ ಅವರು ಬೇರೆ ಜಾಗದಲ್ಲಿ, ಬೇರೆ ಜನರ ನಡುವೆ ಇದ್ದರಲ್ಲ.

ಪುರಾವೆಗೆ ಒಂದೇ ಅಂಕಿ ಸಾಕು. ಮೇಲಿನ 20 ಮತ್ತು 6 ಬರೀ ಮಾದರಿ, ಅಲ್ಲಿ ನಿಮ್ಮ ನಿಜವಾದ ಅಂಕಿ ಹಾಕಿ. ಹಳೆಯ ಕಂಪನಿಯ ಲಾಭ ನಷ್ಟದ ಗುಟ್ಟು ಬಿಟ್ಟುಕೊಡಬೇಡಿ. ದಿನಗಳ ಲೆಕ್ಕದಲ್ಲೋ ಶೇಕಡಾ ಲೆಕ್ಕದಲ್ಲೋ ಹೇಳಿದರೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಇನ್ನೂ ಒಬ್ಬ ಕ್ಲೈಂಟೂ ಸಿಕ್ಕಿಲ್ಲ ಅಂದರೆ "ನಮ್ಮ ಕ್ಲೈಂಟ್‌ಗಳು" ಅಂತ ಬರೆಯಬೇಡಿ. ನೌಕರಿಯಲ್ಲಿದ್ದಾಗ ಮಾಡಿದ ಕೆಲಸವೂ ಕೆಲಸವೇ.

ಈ ಇಮೇಲ್‌ನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕೇಳುವ ಸಾಲು. "ನಿಮ್ಮ ಸಪ್ಲೈಯರ್‌ಗಳಲ್ಲಿ" ಅಂದ ಕೂಡಲೇ ಓದುವವರ ತಲೆ ಸಾವಿರ ಜನರಲ್ಲಿ ಹುಡುಕುವುದನ್ನು ಬಿಟ್ಟು ಹತ್ತಿಪ್ಪತ್ತು ಜನರಲ್ಲಿ ಹುಡುಕುತ್ತದೆ. ಇನ್ನೊಂದು ಲಾಭವೂ ಇದೆ. ಆ ಪರದಾಟ ಅವರ ಕಂಪನಿಯಲ್ಲೇ ಇರಬಹುದು. "ನಿಮಗೆ ಬೇಕಾ?" ಅಂತ ನೇರವಾಗಿ ಕೇಳಿದರೆ ಸಂಕೋಚದಿಂದ "ಇಲ್ಲ ಇಲ್ಲ, ನಮ್ಮಲ್ಲಿ ಎಲ್ಲ ಸರಿಯಾಗಿದೆ" ಅಂದುಬಿಡುತ್ತಾರೆ. ಬೇರೆಯವರ ಬಗ್ಗೆ ಕೇಳಿದಾಗ "ಯಾರೋ ಯಾಕೆ, ನಮ್ಮಲ್ಲೇ ಒಮ್ಮೆ ಬಂದು ನೋಡಿ" ಅನ್ನಲು ಅವರಿಗೆ ಜಾಗ ಇರುತ್ತದೆ. ಕೊನೆಯ ಸಾಲೂ ಇದೇ ಜಾತಿಯದು. ಹೆಸರು ಹೊಳೆಯದಿದ್ದರೂ ಉತ್ತರ ಬರೆಯಲು ಒಂದು ಬಾಗಿಲು ತೆರೆದಿರುತ್ತದೆ. ಅದಿಲ್ಲದಿದ್ದರೆ, ಹೆಸರು ಹೊಳೆಯದ ದಾಕ್ಷಿಣ್ಯಕ್ಕೆ ಅವರು ಸುಮ್ಮನಾಗುತ್ತಾರೆ.

ಫೀಸು ಬರೆಯಬೇಡಿ. ಅಟ್ಯಾಚ್‌ಮೆಂಟ್ ಬೇಡ. ಸಹಿಯ ಜಾಗದಲ್ಲಿ ಹೆಸರು, ಆ ಒಂದು ಸಾಲು, ಫೋನ್ ನಂಬರ್ ಸಾಕು. ಲೋಗೊ, ಸುಭಾಷಿತ, ಬಣ್ಣದ ಪಟ್ಟಿ ಯಾವುದೂ ಬೇಡ. ಫೋನಿನಲ್ಲಿ ಒಂದೆರಡು ಸಲ ಬೆರಳು ಸರಿಸುವಷ್ಟರಲ್ಲಿ ಇಮೇಲ್ ಮುಗಿಯಬೇಕು.

ಧಾಟಿಯ ಬಗ್ಗೆ ಒಂದು ಮಾತು. ಅವರ ಜೊತೆ ಯಾವ ಭಾಷೆಯಲ್ಲಿ, ಯಾವ ಸಲುಗೆಯಲ್ಲಿ ಮಾತಾಡುತ್ತಿದ್ದಿರೋ ಅದರಲ್ಲೇ ಬರೆಯಿರಿ. ಹೋಗೋ ಬಾರೋ ಅನ್ನುತ್ತಿದ್ದ ಗೆಳೆಯನಿಗೆ "ಮಾನ್ಯರೇ" ಅಂತ ಬರೆದರೆ ಅವನು "ಇವನಿಗೇನಾಯ್ತು?" ಅಂತ ಗಾಬರಿಯಾಗುತ್ತಾನೆ. ಹಳೆಯ ಬಾಸ್ ಇವತ್ತಿಗೂ ನಿಮಗೆ ಸರ್ರೋ ಮೇಡಮ್ಮೋ ಆಗಿದ್ದರೆ ಹಾಗೇ ಇರಲಿ. ಎಐ ಸಹಾಯ ತೆಗೆದುಕೊಳ್ಳುವುದಾದರೆ ಉದ್ದ ಕತ್ತರಿಸಲು, ತಪ್ಪು ತಿದ್ದಲು ತೆಗೆದುಕೊಳ್ಳಿ. ನೆನಪಿನ ಸಾಲನ್ನು ಮಾತ್ರ ನೀವೇ ಬರೆಯಿರಿ. ಗೋಡೌನಿನಲ್ಲಿ ಅದು ಇರಲಿಲ್ಲ.

ಹೆಜ್ಜೆ 4: ಕಳಿಸುವ ಕ್ರಮ

ದಿನಕ್ಕೆ ನಾಲ್ಕೈದು ಇಮೇಲ್ ಸಾಕು. ಒಂದೊಂದನ್ನೂ ಬೇರೆ ಬೇರೆಯಾಗಿ ಬರೆಯಬೇಕು, ಬಂದ ಉತ್ತರಕ್ಕೆ ಅವತ್ತೇ ಮರುಉತ್ತರ ಕೊಡಬೇಕು. ಎಲ್ಲರನ್ನೂ ಬಿಸಿಸಿಗೆ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗಕ್ಕೆ) ಹಾಕಿ ಒಂದೇ ಏಟಿಗೆ 200 ಜನಕ್ಕೆ ಕಳಿಸುವುದು ಸುಲಭ. ಆದರೆ "ಇದು ನನಗಾಗಿ ಬರೆದದ್ದಲ್ಲ" ಅಂತ ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಪಟ್ಟಿಯಲ್ಲಿ ಅತಿ ಮುಖ್ಯ ಅನ್ನಿಸಿದವರಿಂದ ಶುರು ಮಾಡಬೇಡಿ. ಸಲುಗೆ ಇರುವವರಿಗೆ ಮೊದಲು ಕಳಿಸಿ, "ಓದಿದಾಗ ನಾನು ಏನು ಮಾಡ್ತೀನಿ ಅಂತ ಅರ್ಥ ಆಯ್ತಾ?" ಅಂತ ಅವರನ್ನೇ ಕೇಳಿ. ತಿದ್ದಿಕೊಂಡು ಮುಂದಿನವರಿಗೆ ಹೋಗಿ.

ಹೆಜ್ಜೆ 5: "ಒಬ್ಬರಿದ್ದಾರೆ" ಅಂದಾಗ

ಇಲ್ಲಿ ಕೆಲಸ ಕೆಡುವುದು ಜಾಸ್ತಿ. ಪರಿಚಯದವರು "ನಮ್ಮ ಸಪ್ಲೈಯರ್ ಒಬ್ಬರಿದ್ದಾರೆ, ಹೇಳ್ತೀನಿ" ಅನ್ನುತ್ತಾರೆ. ನೀವು ಥ್ಯಾಂಕ್ಸ್ ಹೇಳಿ ಕಾಯುತ್ತೀರಿ. ಅವರಿಗೂ ನೂರು ಕೆಲಸ. ನಿಮ್ಮ ಬಗ್ಗೆ ಏನಂತ ಬರೆಯಬೇಕು ಅಂತ ಯೋಚಿಸುವ ಶ್ರಮಕ್ಕೇ ಆ ಇಮೇಲ್ ನಾಳೆಗೆ ಹೋಗುತ್ತದೆ, ಆಮೇಲೆ ಮರೆತೇಹೋಗುತ್ತದೆ. ಆ ಶ್ರಮವನ್ನು ನೀವೇ ತೆಗೆದುಕೊಳ್ಳಿ. ಹಳೆಯ ಮಾತುಕತೆಯ ಬಾಲ ಇಲ್ಲದ ಹೊಸ ಇಮೇಲ್ ಒಂದನ್ನು ಅವರಿಗೆ ಕಳಿಸಿ, ಅದನ್ನು ಅವರು ಹಾಗೇ ಫಾರ್ವರ್ಡ್ ಮಾಡುವಂತಿರಲಿ.

*ವಿಷಯ: ನಿಮ್ಮ ಸಪ್ಲೈಯರ್ ಜೊತೆ ಪರಿಚಯ*

*ಸರ್, ಅವರನ್ನು ಒಮ್ಮೆ ಕೇಳಿ ನೋಡುತ್ತೇನೆ ಅಂದಿದ್ದಕ್ಕೆ ಧನ್ಯವಾದ. ನಾನು ತಯಾರಿಕಾ ಕಂಪನಿಗಳಿಗೆ ವಾರಕ್ಕೆ ಎರಡು ದಿನ ಸಿಎಫ್‌ಒ ಆಗಿರುತ್ತೇನೆ. ಗ್ರಾಹಕರಿಂದ ಹಣ ತಡವಾಗಿ ಬಂದು ಸಂಬಳ, ಕಚ್ಚಾಮಾಲಿಗೆ ಪರದಾಡುವ ಪರಿಸ್ಥಿತಿಯಲ್ಲಿ ಮುಂದಿನ 13 ವಾರದ ಹಣದ ಹರಿವಿನ ಅಂದಾಜು ಹಾಕಿಕೊಡುವುದರಿಂದ ನನ್ನ ಕೆಲಸ ಶುರು. ಅವರಿಗೆ ಆಸಕ್ತಿ ಇದ್ದರೆ 20 ನಿಮಿಷ ಫೋನಿನಲ್ಲಿ ಮಾತಾಡೋಣ. ಈಗ ಬೇಡ ಅಂದರೂ ಬೇಸರವಿಲ್ಲ.*

ಇದರಲ್ಲಿ ಹಳೆಯ ನೆನಪಿಲ್ಲ, ಮನೆ ಮಾತಿಲ್ಲ. ಮೂರನೆಯವರು ಓದಿದರೂ ಮುಜುಗರ ಆಗುವಂಥದ್ದು ಏನೂ ಇಲ್ಲ. ಮುಖ್ಯವಾಗಿ, ಆ ಸಪ್ಲೈಯರ್ ಕಷ್ಟದಲ್ಲಿದ್ದಾರೆ ಅಂತ ಎಲ್ಲೂ ಹೇಳಿಲ್ಲ. ತಮ್ಮ ದುಡ್ಡಿನ ಪರದಾಟದ ಸುದ್ದಿ ಊರೆಲ್ಲ ಓಡಾಡುತ್ತಿದೆ ಅಂತ ಅನ್ನಿಸಿದರೆ ಯಾವ ಮಾಲೀಕರೂ ಫೋನ್ ಎತ್ತುವುದಿಲ್ಲ.

ಜೋಡಿಸುವ ಮುಂಚೆ ಆ ಕಡೆಯವರ ಒಪ್ಪಿಗೆ ಕೇಳಲು ಪರಿಚಯದವರಿಗೆ ಹೇಳಿ. ಕೇಳದೆ ಇಬ್ಬರನ್ನೂ ಒಂದೇ ಇಮೇಲ್‌ಗೆ ತಳ್ಳಿದರೆ ಆ ಕಡೆಯವರು ದಾಕ್ಷಿಣ್ಯಕ್ಕೆ ಉತ್ತರಿಸುತ್ತಾರೆ, ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಪರಿಚಯ ಆದ ಮೇಲೆ ಅದೇ ದಿನ ನೀವೇ ಮೊದಲು ಬರೆಯಿರಿ. "ಸರ್‌ಗೆ ಧನ್ಯವಾದ, ಅವರ ಇನ್‌ಬಾಕ್ಸ್ ತುಂಬದಿರಲಿ ಅಂತ ಬಿಸಿಸಿಗೆ ಹಾಕಿದ್ದೇನೆ" ಅಂತ ಮೊದಲ ಸಾಲಿನಲ್ಲಿ ಹೇಳಿಬಿಡಿ. "ಯಾವಾಗ ಅನುಕೂಲ?" ಅಂತ ಕೇಳುವ ಬದಲು ಎರಡು ಸಮಯ ಸೂಚಿಸಿ.

ಹೆಜ್ಜೆ 6: ಉತ್ತರ ಬರದಿದ್ದರೆ

ಎಂಟು ಹತ್ತು ದಿನ ಬಿಟ್ಟು, ಅದೇ ಥ್ರೆಡ್‌ನಲ್ಲಿ ಒಮ್ಮೆ ಬರೆಯಿರಿ. "ನನ್ನ ಹಿಂದಿನ ಮೇಲ್ ನೋಡಿದ್ರಾ?" ಅಂತ ಕೇಳಿದರೆ ಸಾಲ ವಸೂಲಿಯ ಧಾಟಿ ಬರುತ್ತದೆ. ಅದರ ಬದಲು ಏನಾದರೂ ಕೊಡಿ. ಅವರ ಕ್ಷೇತ್ರಕ್ಕೆ ತಾಗುವ ಹೊಸ ನಿಯಮ ಬಂದಿದ್ದರೆ ಅದರ ಸಾರ ಎರಡು ಸಾಲಿನಲ್ಲಿ ಬರೆಯಿರಿ, ಅಥವಾ ನೀವೇ ಬಳಸುವ ಒಂದು ಚೆಕ್‌ಲಿಸ್ಟ್ ಕಳಿಸಿ. ಅದಕ್ಕೂ ಉತ್ತರ ಇಲ್ಲದಿದ್ದರೆ ಬಿಡಿ. ಮೂರು ತಿಂಗಳ ನಂತರ ಬೇರೆ ಕಾರಣಕ್ಕೆ ಬರೆಯಬಹುದು.

ಇಮೇಲ್ ತೆರೆದರೋ ಇಲ್ಲವೋ ಅಂತ ತೋರಿಸುವ ಟ್ರ್ಯಾಕಿಂಗ್ ನಂಬಬೇಡಿ. 2021ರ ಸೆಪ್ಟೆಂಬರಿನಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ಗೆ ಹೊಸ ಖಾಸಗಿತನದ ವ್ಯವಸ್ಥೆ ತಂದ ಮೇಲೆ, ಅದನ್ನು ಬಳಸುವವರು ಇಮೇಲ್ ಓದದಿದ್ದರೂ ಅದರೊಳಗಿನ ಚಿತ್ರಗಳು ಮೊದಲೇ ಲೋಡ್ ಆಗುತ್ತವೆ. ಟ್ರ್ಯಾಕರ್ ಅದನ್ನೇ "ತೆರೆದರು" ಅಂತ ತೋರಿಸುತ್ತದೆ. ಅದನ್ನು ನಂಬಿ "ನೀವು ಮೂರು ಸಲ ತೆರೆದಿದ್ದೀರಿ" ಅಂತ ಬರೆಯುವವರೂ ಇದ್ದಾರೆ. ಕಾವಲು ಕಾಯುತ್ತಿದ್ದೀರಿ ಅಂತ ಗೊತ್ತಾದ ಮೇಲೆ ಯಾರು ಮಾತಾಡುತ್ತಾರೆ?

ಹೆಜ್ಜೆ 7: ಅಪರಿಚಿತರಿಗೆ ಬರೆಯುವುದಾದರೆ

ಇದು ಕೊನೆಯ ದಾರಿ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. ಕಣ್ಣಿಗೆ ಕಾಣುವ ಕಾರಣ ಇದ್ದರೆ ಮಾತ್ರ ಬರೆಯಿರಿ. ಕಂಪನಿ ಹೂಡಿಕೆ ಪಡೆದ ಸುದ್ದಿ ಬಂದಿರಬೇಕು, ಫುಲ್‌ಟೈಮ್ ಹುದ್ದೆಯ ಜಾಹೀರಾತು ತಿಂಗಳುಗಟ್ಟಲೆ ಹಾಗೇ ಉಳಿದಿರಬೇಕು, ಇಂಥದ್ದೇನಾದರೂ. "ನೀವು ಹುಡುಕುತ್ತಿರುವವರು ಸಿಗುವ ತನಕ ವಾರಕ್ಕೆ ಎರಡು ದಿನ ಬಂದು ತಿಂಗಳ ರಿಪೋರ್ಟ್ ನಿಲ್ಲದಂತೆ ನೋಡಿಕೊಳ್ಳಬಲ್ಲೆ, ಹೊಸಬರ ಆಯ್ಕೆಗೂ ನೆರವಾಗಬಲ್ಲೆ" ಅನ್ನುವ ಒಂದು ಪ್ರಸ್ತಾಪ ಸಾಕು.

ಕಾನೂನು ನೋಡಿಕೊಳ್ಳಿ. ಅಮೆರಿಕದ 2003ರ ಕ್ಯಾನ್‌-ಸ್ಪ್ಯಾಮ್ ಕಾಯ್ದೆ ಕಂಪನಿಗಳಿಗೆ ಕಳಿಸುವ ವಾಣಿಜ್ಯ ಇಮೇಲ್‌ಗೂ ಅನ್ವಯಿಸುತ್ತದೆ. ಅಂಚೆ ವಿಳಾಸ ಇರಬೇಕು, "ಇನ್ನು ಕಳಿಸಬೇಡಿ" ಅನ್ನಲು ದಾರಿ ಇರಬೇಕು, ಹಾಗೆ ಹೇಳಿದ ಮೇಲೆ 10 ಕೆಲಸದ ದಿನಗಳೊಳಗೆ ನಿಲ್ಲಿಸಬೇಕು. ಯುರೋಪಿನಲ್ಲಿ 2018ರ ಮೇ 25ರಿಂದ ಜಿಡಿಪಿಆರ್ ಅನ್ನುವ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಜಾರಿಯಲ್ಲಿದೆ, ಅಲ್ಲಿಯವರಿಗೆ ಬರೆಯುವ ಮುಂಚೆ ಆಯಾ ದೇಶದ ನಿಯಮ ತಿಳಿದುಕೊಳ್ಳಿ.

ಸ್ವಂತ ಡೊಮೇನ್ ಕೊಂಡಿದ್ದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನುವ ಮೂರು ಸೆಟ್ಟಿಂಗ್ ಮಾಡಿಸಿಕೊಳ್ಳಿ. ಈ ಇಮೇಲ್ ನಿಜವಾಗಿ ನಿಮ್ಮ ಡೊಮೇನಿನಿಂದಲೇ ಬಂದದ್ದು ಅಂತ ಆ ಕಡೆಯ ಸರ್ವರ್‌ಗೆ ಸಾಬೀತು ಮಾಡುವ ವ್ಯವಸ್ಥೆ ಇದು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಇಮೇಲ್ ಕಳಿಸುವವರಿಗೆ ಮೂರೂ ಕಡ್ಡಾಯ. ನೀವು ಕಳಿಸುವುದು ನಾಲ್ಕೈದೇ ಆದರೂ ಎಸ್‌ಪಿಎಫ್ ಅಥವಾ ಡಿಕಿಮ್ ಇಲ್ಲದಿದ್ದರೆ ನೇರ ಸ್ಪ್ಯಾಮ್‌ಗೆ ಹೋಗಬಹುದು. ಮೊದಲು ನಿಮ್ಮದೇ ಜಿಮೇಲ್, ಔಟ್‌ಲುಕ್ ಖಾತೆಗಳಿಗೆ ಕಳಿಸಿ ಎಲ್ಲಿಗೆ ಬಿತ್ತು ನೋಡಿ.

ಹೆಜ್ಜೆ 8: ಮಾತುಕತೆ ಆದ ಮೇಲಿನ ಎರಡು ಇಮೇಲ್

ಮೊದಲನೆಯದು ಕ್ಲೈಂಟ್ ಆಗಬಹುದಾದವರಿಗೆ, ಅದೇ ದಿನ. ಅವರು ಹೇಳಿದ ಸಮಸ್ಯೆಯನ್ನು ಅವರದೇ ಮಾತಿನಲ್ಲಿ ಮೂರು ಸಾಲು ಬರೆಯಿರಿ. "ಸಂಬಳದ ವಾರ ನಿದ್ದೆ ಬರಲ್ಲ" ಅಂದಿದ್ದರೆ ಅದನ್ನು "ಲಿಕ್ವಿಡಿಟಿ ಸವಾಲು" ಅಂತ ಬದಲಾಯಿಸಬೇಡಿ. ಆಮೇಲೆ ಒಂದು ಚಿಕ್ಕ ಮೊದಲ ಹೆಜ್ಜೆ ಸೂಚಿಸಿ: 30 ದಿನ, ಇಂತಿಂಥ ವಿಷಯ ಪರಿಶೀಲನೆ, ಕೊನೆಗೆ ಇಂಥದ್ದು ಕೈಗೆ ಸಿಗುತ್ತದೆ. ವರ್ಷದ ಒಪ್ಪಂದಕ್ಕೆ ಒಪ್ಪಿಸುವುದಕ್ಕಿಂತ ಇದು ಎಷ್ಟೋ ಸುಲಭ. ಅವರಿಗೂ ನಿಮ್ಮನ್ನು ನೋಡಿದಂತಾಗುತ್ತದೆ, ನಿಮಗೂ ಅವರನ್ನು ನೋಡಿದಂತಾಗುತ್ತದೆ. ಫೀಸಿನ ಮಾತು ಬರುವುದು ಇಲ್ಲಿ.

ಎರಡನೆಯದು ಪರಿಚಯ ಮಾಡಿಸಿದವರಿಗೆ, ಕೆಲಸ ಸಿಕ್ಕರೂ ಸಿಗದಿದ್ದರೂ.

*ಸರ್, ನಿನ್ನೆ ಅವರ ಜೊತೆ ಮಾತಾಡಿದೆ. ಸದ್ಯಕ್ಕೆ ಅವರಿಗೆ ಫುಲ್‌ಟೈಮ್ ಅಕೌಂಟ್ಸ್ ಮ್ಯಾನೇಜರ್ ಸಾಕು ಅನ್ನಿಸಿತು, ಹಾಗೇ ಹೇಳಿದೆ. ಅಂಥ ಒಬ್ಬರ ಪರಿಚಯವನ್ನೂ ಮಾಡಿಸಿದ್ದೇನೆ. ನಿಮ್ಮಿಂದಾಗಿ ಒಳ್ಳೆಯವರೊಬ್ಬರ ಪರಿಚಯ ಆಯಿತು, ಧನ್ಯವಾದ.*

ಒಳಗಿನ ಮಾತುಕತೆಯ ವಿವರ ಇದರಲ್ಲಿ ಬೇಡ, ಫಲಿತಾಂಶ ಮಾತ್ರ ಸಾಕು. ಅದನ್ನು ಹೇಳಬಹುದೇ ಅಂತಲೂ ಮಾಲೀಕರನ್ನು ಒಂದು ಮಾತು ಕೇಳಿಕೊಳ್ಳಿ. ಪರಿಚಯ ಮಾಡಿಸಿದವರಿಗೆ ಕಮಿಷನ್ ಕೊಡುವುದಾದರೆ ಅದು ಕ್ಲೈಂಟ್‌ಗೂ ಗೊತ್ತಿರಬೇಕು. ಆಡಿಟರ್, ವಕೀಲರು ಇಂಥ ಹಣ ತೆಗೆದುಕೊಳ್ಳುವುದಕ್ಕೆ ಅವರ ವೃತ್ತಿಯ ನಿಯಮಗಳೇ ಅಡ್ಡ ಬರಬಹುದು, ಅವರನ್ನು ಕೇಳದೆ ಈ ಪ್ರಸ್ತಾಪ ಎತ್ತಬೇಡಿ. ಇದೇ ಇಮೇಲ್‌ನಲ್ಲಿ ಇನ್ನೊಂದು ಹೆಸರು ಕೇಳುವ ಆಸೆ ಆಗುತ್ತದೆ. ಕೇಳಬೇಡಿ. ಸ್ಪ್ರೆಡ್‌ಶೀಟ್‌ನಲ್ಲಿ ಅವರ ಹೆಸರಿನ ಮುಂದೆ ಮೂರು ತಿಂಗಳ ನಂತರದ ಒಂದು ತಾರೀಖು ಹಾಕಿ, ಪಟ್ಟಿಯ ಮುಂದಿನ ಹೆಸರಿಗೆ ಹೋಗಿ.